ನಗುವ ಕೋಳಿಯ ಬೋರ್ಡು

ನಾನು ಹುಟ್ಟಿದಾಗಿನಿಂದ ಕೋಳಿ ತಿಂದವನಲ್ಲ. ನಮ್ಮ ಮನೆಯಲ್ಲಿ ಯಾರಾದರೂ ತತ್ತಿಯ ಹೆಸರು ತೆಗೆದರೆ ಸಾಕು, ನಮ್ಮವ್ವ ಬಾಗಿಲ ಕಡೆ ನೋಡುತ್ತಿದ್ದಳು, ಓಣಿಯವರಿಗೆ ಕೇಳಿಸಿತೇನೋ ಎಂದು. ಅಂಥ ಮನೆಯಿಂದ ಬಂದ ನಾನು ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಊರಿನ ಮಕ್ಕಳ ಬಾಯಲ್ಲಿ ಕೋಳಿಗಾಗಿ ನೀರೂರಿಸಿದ್ದೇನೆ. ಹೊಟ್ಟೆಪಾಡಿಗಲ್ಲ. ಹೊಟ್ಟೆಪಾಡಿಗೆ ಹೈಸ್ಕೂಲಿನಲ್ಲಿ ಚಿತ್ರಕಲಾ ಮಾಸ್ತರಿಕೆ ಇತ್ತು, ಈಗಲೂ ಇದೆ. ಬೋರ್ಡು ಬರೆಯುವುದು ನನ್ನ ಹಳೆಯ ಚಟ. ಬೇರೆಯವರು ರವಿವಾರ ಇಸ್ಪೀಟು ಆಡುತ್ತಾರೆ, ನಾನು ನಿಚ್ಚಣಿಕೆ ಹತ್ತುತ್ತೇನೆ.

ಹತ್ತು ವರ್ಷದ ಕೆಳಗೆ ಸಿಂದಗಿಯಲ್ಲಿ, ನಮ್ಮ ಶಾಲೆಯಿಂದ ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ, ಒಬ್ಬ ಬಾಡಿಗೆ ಮಳಿಗೆ ಹಿಡಿದು ಕೋಳಿ ಅಂಗಡಿ ಇಟ್ಟ. ನನಗಿಂತ ಐದಾರು ವರ್ಷ ಚಿಕ್ಕವ, ಮಾತುಗಾರ. ಒಂದು ಸಂಜೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರವೇ ನನ್ನನ್ನು ಹಿಡಿದ.

"ಮಾಸ್ತರ, ನನಗೊಂದು ಬೋರ್ಡ್ ಬರದು ಕೊಡ್ರಿ. ಅಪ್ಪಂದಿರು ಬರ್ತಾರ, ಬೆನ್ನಿಗೆ ಹುಡುಗೂರು ಬರ್ತಾವ. ಪಂಜರಾ ನೋಡಿ ಹುಡುಗೂರು ಅಳ್ತಾವ. ಹುಡುಗ ಅತ್ರ ಅಪ್ಪ ಅರ್ಧಾ ಕಿಲೊ ತಗೊಂಡು ಓಡ್ತಾನ. ಹುಡುಗ ನಕ್ರ ಒಂದು ಕಿಲೊ."

"ಅದಕ್ಕ ನಾ ಏನ್ ಮಾಡ್ಲಿ?"

"ನಗಸ್ರಿ. ಕೋಳಿನ ನಗಸ್ರಿ."

ನಗಿಸಿದೆ. ತಗಡಿನ ಮೇಲೆ ಬಿಳಿ ಕೋಳಿ, ತಲೆಗೆ ಅಡುಗೆ ಭಟ್ಟರ ಉದ್ದನೆಯ ಟೋಪಿ, ಸೊಂಟಕ್ಕೆ ಏಪ್ರನ್, ಒಂದು ಕಣ್ಣು ಮಿಟುಕಿಸುತ್ತಿದೆ, ರೆಕ್ಕೆಯಲ್ಲಿ ತಟ್ಟೆ, ತಟ್ಟೆಯಲ್ಲಿ ಹೊಗೆಯಾಡುವ ತೊಡೆಯ ತುಂಡು. ಅದು ಯಾರ ತೊಡೆ ಎಂದು ನನಗೆ ಆಗ ಹೊಳೆಯಲಿಲ್ಲ. ಜುಟ್ಟಿನ ಕೆಂಪು ಹೇಗೆ ಹೊಳೆಯುತ್ತಿದೆ ಎಂಬುದೊಂದೇ ಹೊಳೆದಿತ್ತು. ಕೋಳಿಯ ಮುಂದೆ ಎರಡೂ ಕೈ ಚಾಚಿ ನಿಂತ ಒಂದು ಮಗು ಬೇಕಾಗಿತ್ತು. ಅಂಗಡಿಯವನ ನಾಲ್ಕು ವರ್ಷದ ಮಗಳು ಅಲ್ಲೇ ಮಗುಚಿದ ಬಕೀಟಿನ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದಳು. ಎರಡು ಜಡೆ, ಎಡಗೆನ್ನೆಯಲ್ಲಿ ಗುಳಿ, ಮುಂದಿನ ಹಲ್ಲಿನಲ್ಲಿ ಒಂದು ಸಂದಿ. ಆಕೆಯದೇ ಮುಖ ಹಾಕಲೇ ಎಂದು ಅವನನ್ನು ಕೇಳಿದೆ.

"ಹಾಕ್ರಿ, ಅದಕ್ಕೇನು! ನನ್ನ ಮಗಳು ಬೇಡಿದ್ರ ಇಲ್ಲ ಅನ್ನಾವ ಈ ಊರಾಗ ಯಾವನದಾನ?"

ಬೋರ್ಡು ಏರಿದ ದಿನವೇ ಪಂಜರ ಅಂಗಡಿಯ ಹಿತ್ತಲಿಗೆ ಹೋಯಿತು. ಜೀವ ಇದ್ದ ಕೋಳಿಗಳು ಹಿಂದೆ, ನನ್ನ ಕೋಳಿ ಮುಂದೆ. ರವಿವಾರ ಒಂದು ಕಿಲೊ ಒಯ್ದವರ ಮಕ್ಕಳಿಗೆ ಒಂದು ಬಲೂನು. ಮಕ್ಕಳು ಅದನ್ನು ನಗೋ ಕೋಳಿ ಅಂಗಡಿ ಎಂದು ಕರೆಯತೊಡಗಿದವು. ಬೇರೆ ಅಂಗಡಿಗೆ ಹೊರಟ ಅಪ್ಪನ ಅಂಗಿ ಜಗ್ಗಿ ಇಲ್ಲಿಗೆ ಎಳೆದು ತರುತ್ತಿದ್ದವು. ನಾನು ರಸ್ತೆಯ ಆಚೆ ಚಹಾ ಕುಡಿಯುತ್ತ, ನನ್ನ ಚಿತ್ರಕ್ಕೆ ಇಷ್ಟೊಂದು ಜನ ನಿಂತದ್ದು ಜಿಲ್ಲಾ ಪ್ರದರ್ಶನದಲ್ಲೂ ಇಲ್ಲವಲ್ಲ ಎಂದು ಉಬ್ಬಿದ್ದೆ.

ಬೋರ್ಡು ಬರೆಯುವವರ ಬಳಿ ಖಾಕಾ ಎಂಬುದೊಂದು ಇರುತ್ತದೆ. ದಪ್ಪ ಕಾಗದದ ಮೇಲೆ ಚಿತ್ರ ತೆಗೆದು, ಗೆರೆಗುಂಟ ಸೂಜಿಯಿಂದ ತೂತು ಹಾಕಿ ಇಟ್ಟುಕೊಳ್ಳುವುದು. ಮುಂದೆ ಎಲ್ಲಿ ಬೇಕೋ ಅಲ್ಲಿ ಆ ಕಾಗದ ಹಚ್ಚಿ, ಇದ್ದಲಿ ಪುಡಿಯ ಬಟ್ಟೆಗಂಟಿನಿಂದ ಮೆಲ್ಲಗೆ ತಟ್ಟಿದರೆ ಅದೇ ಚಿತ್ರ ಚುಕ್ಕಿ ಚುಕ್ಕಿಯಾಗಿ ಗೋಡೆಗೆ ಇಳಿಯುತ್ತದೆ. ಒಮ್ಮೆ ತಲೆ ಕೆಡಿಸಿಕೊಂಡರೆ ಹತ್ತು ಸಲ ಕೆಡಿಸಿಕೊಳ್ಳುವುದು ತಪ್ಪುತ್ತದೆ. ಸಿಂದಗಿಯ ಕೋಳಿಯನ್ನು ನೋಡಿದ ಇಂಡಿಯವನೊಬ್ಬ ಅಂಥದೇ ಬೇಕೆಂದ. ಆಮೇಲೆ ಮುದ್ದೇಬಿಹಾಳ, ಆಮೇಲೆ ಬಾಗೇವಾಡಿ. ರವಿವಾರ ಬೆಳಗಿನ ಬಸ್ಸಿಗೆ ಖಾಕಾ ಸುರುಳಿ ಸುತ್ತಿಕೊಂಡು ಹೊರಟರೆ ಸಂಜೆ ಬೆರಳಿಗೆ ಬಣ್ಣ ಮೆತ್ತಿಕೊಂಡು ಮನೆ. ಕೋಳಿಯ ಜೊತೆ ಆ ಮಗುವೂ ಹೋಯಿತು. ಅದಕ್ಕೆ ಅಪ್ಪನನ್ನು ಮತ್ತೊಮ್ಮೆ ಕೇಳಬೇಕೆಂದು ನನಗೆ ಅನ್ನಿಸಲೇ ಇಲ್ಲ. ನನ್ನ ಚಿಂತೆ ಬೇರೆ ಇತ್ತು: ಸರಕಾರಿ ನೌಕರ ಬೋರ್ಡು ಬರೆಯುತ್ತಾನೆಂದು ಇಲಾಖೆಗೆ ಗೊತ್ತಾದರೆ? ಹೀಗಾಗಿ ಯಾವ ಬೋರ್ಡಿನ ಮೂಲೆಯಲ್ಲೂ ಸಹಿ ಹಾಕಲಿಲ್ಲ. ಬಣ್ಣ ಮೆತ್ತಿದ ಕೈಯನ್ನು ಬಸ್ಸಿನಲ್ಲಿ ಕಿಸೆಯೊಳಗೆ ಇಟ್ಟುಕೊಂಡು ಕೂಡುತ್ತಿದ್ದೆ.

ನನ್ನ ಹೆಂಡತಿ ಹೇಳುವುದುಂಟು: "ಚಿಂತಿ ಮಾಡೂದಕ್ಕ ಸರಕಾರ ಪ್ರಮೋಶನ್ ಕೊಡ್ತಿದ್ರ ನೀವು ಇಷ್ಟೊತ್ತಿಗೆ ಡಿಡಿಪಿಐ ಆಗ್ತಿದ್ರಿ."

ಹೋದ ವರ್ಷ ಆ ಮಗು ನಮ್ಮ ಶಾಲೆಯ ಒಂಬತ್ತನೇ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿತ್ತು. ಕಬಡ್ಡಿ ತಂಡದಲ್ಲಿ ಆಡುವ ಗಟ್ಟಿ ಹುಡುಗಿ, ಮಾತು ಕಡಿಮೆ. 'ನಮ್ಮ ಓಣಿ' ಎಂಬ ವಿಷಯಕ್ಕೆ ಚಿತ್ರ ತೆಗೆದುಕೊಂಡು ಬನ್ನಿ ಎಂದು ಹೇಳಿದ್ದೆ. ಉಳಿದವರೆಲ್ಲ ಬಾವಿ, ಗಿಡ, ಎತ್ತಿನ ಬಂಡಿ ತಂದರು. ಎತ್ತಿನ ಬಂಡಿ ಅವರ ಓಣಿಯಲ್ಲಿ ಈಗ ಇಲ್ಲ, ಆದರೆ ಚಿತ್ರಕಲೆಯ ವಹಿಯಲ್ಲಿ ಇನ್ನೂ ಓಡುತ್ತದೆ. ಈಕೆ ನಾಲ್ಕು ಹಾಳೆ ತಂದಳು.

ಮೊದಲ ಹಾಳೆಯಲ್ಲಿ ನನ್ನ ಬೋರ್ಡು. ನಾನು ತೆಗೆದದ್ದಕ್ಕಿಂತ ಚೆನ್ನಾಗಿತ್ತು ಎಂದು ಹೇಳಲು ಈಗಲೂ ಸ್ವಲ್ಪ ಸಂಕಟವಾಗುತ್ತದೆ. ಎರಡನೆಯದರಲ್ಲಿ ಅದೇ ಬೋರ್ಡು, ಕೋಳಿ ಬಾಯಿ ಮುಚ್ಚಿದೆ. ಮೂರನೆಯದರಲ್ಲಿ ಕೋಳಿ ಕೆಳಗೆ ಬಾಗಿ, ತನ್ನ ತಟ್ಟೆಯಲ್ಲಿ ಏನಿದೆ ಎಂದು ನೋಡುತ್ತಿದೆ. ನಾಲ್ಕನೆಯದರಲ್ಲಿ ಮಗು ಬೆನ್ನು ತಿರುಗಿಸಿ ನಿಂತುಬಿಟ್ಟಿದೆ. ಮುಖವಿಲ್ಲ, ಎರಡು ಜಡೆ ಮಾತ್ರ. ಕೆಳಗೆ ಒಂದೇ ಸಾಲು: ಕೋಳಿ ಯಾಕ ನಗತೈತಿ?

"ಇದು ನಿಮ್ಮ ಅಂಗಡೀದಲ್ಲವಾ?" ಎಂದೆ, ದನಿ ಸಾಧ್ಯವಾದಷ್ಟು ಸಹಜವಾಗಿರುವಂತೆ.

"ಮೊದಲಿಂದು ನಮ್ದ್ರಿ ಸರ್. ಎರಡನೇದು ಇಂಡೀದು, ಕಬಡ್ಡಿಗೆ ಹೋದಾಗ ನೋಡೇನಿ. ಇದು ಮುದ್ದೇಬಿಹಾಳ, ನಮ್ಮ ಅತ್ತಿ ಊರು. ಇದು ಬಾಗೇವಾಡಿ. ಎಲ್ಲಾ ಕಡೆ ನಾನ ಅದೀನ್ರಿ."

ನಾನು ಚಷ್ಮಾ ಒರೆಸಿಕೊಂಡೆ. ಒರೆಸುವಂಥದ್ದು ಏನೂ ಇರಲಿಲ್ಲ.

"ಸರ್, ಕೋಳಿಗೆ ಹಲ್ಲು ಎಲ್ಲಿಂದ ಬಂದ್ವು?"

"ಹಲ್ಲಿಲ್ಲದಿದ್ರ ನಗು ಕಾಣೂದಿಲ್ಲವಾ. ಬೋರ್ಡು ದೂರದಿಂದ ಕಾಣಬೇಕು."

"ಹಂಗಾದ್ರ ನೀವ ಬರದೀರಿ."

ಆಕೆಗೆ ಮೊದಲೇ ಗೊತ್ತಿತ್ತು ಎಂದು ಆಮೇಲೆ ತಿಳಿಯಿತು. ಅಂಗಡಿಯಲ್ಲಿ ಅಪ್ಪ ಹೇಳಿದ್ದನಂತೆ. ನನ್ನ ಬಾಯಿಂದ ಕೇಳಬೇಕಾಗಿತ್ತು, ಅಷ್ಟೇ.

"ನೀ ಕೋಳಿ ತಿನ್ನೂದು ಬಿಟ್ಟೀಯೇನು?" ಎಂದು ಕೇಳಿದೆ.

"ಯಾಕ್ ಬಿಡ್ಲಿ? ನಮ್ಮವ್ವ ಮಾಡಿದ್ದು ಭಾಳ ರುಚಿ ಇರ್ತೈತ್ರಿ. ಆದ್ರ ಕೋಳಿ ನಕ್ಕೋತ ಬರೂದಿಲ್ಲ ಸರ್. ನಾ ಹಿತ್ತಲದಾಗ ಇರಾಕಿ, ನನಗ ಗೊತ್ತೈತಿ. ಸಣ್ಣ ಹುಡುಗೂರಿಗೆ ಬಲೂನ್ ಕಟ್ಟಿ ಕೊಡೂವಾಗ ಅವು ಕೇಳ್ತಾವ, ಅಕ್ಕಾ, ಟೋಪಿ ಕೋಳಿ ಒಳಗೈತೇನು, ತೋರಸು ಅಂತ. ಏನ್ ಹೇಳ್ಲಿ?"

ಇಪ್ಪತ್ತೈದಕ್ಕೆ ಇಪ್ಪತ್ನಾಲ್ಕು ಅಂಕ ಹಾಕಿ, ಹಾಳೆಗಳನ್ನು ಇಟ್ಟುಕೊಂಡು ಆಕೆಯನ್ನು ಕಳಿಸಿದೆ. ಒಂದು ಅಂಕ ಏಕೆ ಹಿಡಿದೆನೋ. ಬಹುಶಃ ಹೊಟ್ಟೆಕಿಚ್ಚಿಗೆ.

ಅಲ್ಲಿಗೆ ಸುಮ್ಮನಿದ್ದರೆ ಆಗಿತ್ತು. ಅಂದು ಸಂಜೆ ನಾಲ್ಕೂ ಹಾಳೆಗಳ ಫೋಟೊ ತೆಗೆದು ನಮ್ಮ ಚಿತ್ರಕಲಾ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಹಾಕಿದೆ. 'ನನ್ನ ವಿದ್ಯಾರ್ಥಿನಿ' ಎಂದು ಬರೆದೆ. 'ನನ್ನ' ಎಂಬುದು ಮುಂದಿತ್ತು. ತಾಂಬಾದ ಮಾಸ್ತರರು ಕೈಮುಗಿದ ಚಿತ್ರ ಕಳಿಸಿದರು, ಆಲಮೇಲದವರು ಚಪ್ಪಾಳೆ ಕಳಿಸಿದರು. ಎಣಿಸಿಕೊಂಡು ಮಲಗಿದೆ.

ನಾಲ್ಕನೇ ದಿನ ನನ್ನ ಹೆಂಡತಿ ಅಡುಗೆ ಮನೆಯಿಂದ ಫೋನು ಹಿಡಿದುಕೊಂಡು ಬಂದಳು. ಹೂವಿನ ಹಿಪ್ಪರಗಿಯಲ್ಲಿರುವ ಆಕೆಯ ತಂಗಿ ಏನೋ ಕಳಿಸಿದ್ದಳು. ಅದೇ ನಾಲ್ಕನೇ ಹಾಳೆ, ಬೆನ್ನು ತಿರುಗಿಸಿದ ಮಗು. ಆದರೆ ಕೆಳಗಿನ ಸಾಲು ಕತ್ತರಿಸಿ ಹೋಗಿತ್ತು. ಅದರ ಜಾಗದಲ್ಲಿ, 'ಸಿಂದಗಿಯ ಮುಗ್ಧ ಬಾಲಕಿಯ ಕಣ್ಣೀರು. ಇಂಥ ಅಂಗಡಿಗಳು ನಮ್ಮ ಊರಿಗೆ ಬೇಕೆ? ಹತ್ತು ಜನರಿಗೆ ಕಳಿಸಿ.'

"ಇದು ನಿಮ್ಮ ಹುಡುಗಿ ತಗದದ್ದಲ್ಲೇನು?"

"ಹೌದು."

"ಅಕಿ ಅಳಾಕತ್ತಾಳೇನು ಇದರಾಗ?"

"ಇಲ್ಲ. ತಿರುಗಿ ನಿಂತಾಳ, ಅಷ್ಟ."

ಹೆಂಡತಿ ಫೋನನ್ನು ಮಗುಚಿ ಇಟ್ಟಳು. ಚಿಂತೆಯ ವಿಷಯದಲ್ಲಿ ಆಕೆ ನನ್ನನ್ನು ಚೇಷ್ಟೆ ಮಾಡದೆ ಬಿಟ್ಟದ್ದು ಅದೇ ಮೊದಲು. ನನಗೆ ಅಲ್ಲಿಂದಲೇ ಅಂಜಿಕೆ ಶುರುವಾಯಿತು.

ಗುರುವಾರ ಸಂಜೆ ಮೂವರು ಮನೆಗೆ ಬಂದರು. ಚಪ್ಪಲಿಗಳನ್ನು ಹೊರಗೆ ಸಾಲಾಗಿ, ಜೋಡಿ ಜೋಡಿ ಹೊಂದಿಸಿ ಬಿಟ್ಟಿದ್ದರು. ಅವರಲ್ಲೊಬ್ಬ ನನ್ನ ಹಳೆಯ ವಿದ್ಯಾರ್ಥಿ. ಬಂದವನೇ ಕಾಲಿಗೆ ಎರಗಿದ. ಇನ್ನೊಬ್ಬ ಗಡ್ಡದವ, ಮೆಲುದನಿ. ಮೂರನೆಯವ ಕೊನೆಯವರೆಗೂ ಮಾತಾಡಲಿಲ್ಲ, ಗೋಡೆಯ ಮೇಲಿನ ನನ್ನ ಚಿತ್ರಗಳನ್ನು ಒಂದೊಂದಾಗಿ ನೋಡುತ್ತ ಕೂತಿದ್ದ. ಚಹಾ ಬಂತು.

"ಸರ್, ಭಾಳ ಚೊಲೊ ಕೆಲಸ ಮಾಡೀರಿ," ಎಂದ ಗಡ್ಡದವ. "ಸಾಲಿ ದಾರ್‍ಯಾಗ ಅಂಥಾ ಅಂಗಡಿ. ಸಣ್ಣ ಮಕ್ಕಳಿಗೆ ಬಲೂನ್ ಕೊಟ್ಟು ಕರೀತಾರ. ನೀವ ವಿಚಾರ ಮಾಡ್ರಿ, ಇದು ಸರಿ ಏನು?"

ಅವನ ಪ್ರಶ್ನೆ ತಪ್ಪು ಎಂದು ಹೇಳಲು ನನ್ನಿಂದಾಗಲಿಲ್ಲ. ಆ ಹುಡುಗಿ ಕೇಳಿದ್ದೂ ಹತ್ತಿರ ಹತ್ತಿರ ಅದೇ. ಆದರೆ ಅವಳು ಕೇಳಿದಾಗ ನನಗೆ ನಾಚಿಕೆಯಾಗಿತ್ತು. ಇವನು ಕೇಳಿದಾಗ ನಮ್ಮವ್ವನಂತೆ ಬಾಗಿಲ ಕಡೆ ನೋಡಿದೆ.

"ಸೋಮವಾರ ಹನ್ನೊಂದಕ್ಕ ಅಂಗಡಿ ಮುಂದ ನಿಂದರ್ತೇವಿ. ಗದ್ಲ ಏನಿಲ್ಲ, ಅಂಜಬ್ಯಾಡ್ರಿ. ಚಿತ್ರಾನ ಫ್ಲೆಕ್ಸ್ ಮಾಡಸ್ತೇವಿ. ಮಳಿಗಿ ಮಾಲಕರಿಗೆ ಒಂದು ಮನವಿ ಕೊಡ್ತೇವಿ. ಕರಾರು ಈ ತಿಂಗಳಿಗೆ ಮುಗೀತೈತಂತ, ಮುಂದುವರಸಬ್ಯಾಡ್ರಿ ಅಂತೇವಿ, ಅಷ್ಟ. ನಿಮ್ಮ ಹತ್ರ ಅಸಲ ಚಿತ್ರ ಅದಾವಲ್ಲ, ಕೊಡ್ರಿ. ಆ ಹುಡುಗೀನ್ನೂ ಕರಕೊಂಡು ಬರ್ರಿ, ಮುಂದ ನಿಂತು ಹಿಡೀಲಿ. ನೀವು ನಮ್ಮವರ ಅದೀರಿ."

ಮಾಲಕರು ಹೇಗೆಂದು ನನಗೆ ಗೊತ್ತಿತ್ತು. ಬಟ್ಟೆ ವ್ಯಾಪಾರದ ದೊಡ್ಡ ಮನುಷ್ಯರು, ಮಳಿಗೆಯ ಮೇಲಿನ ಮಹಡಿಯಲ್ಲೇ ಮನೆ. ಯಾರ ಮನಸ್ಸನ್ನೂ ನೋಯಿಸದವರು, ಅಂದರೆ ಹೆಚ್ಚು ಜನ ಯಾವ ಕಡೆ ಇರುತ್ತಾರೋ ಅವರ ಮನಸ್ಸನ್ನು. ಕರಾರು ಮುರಿದರೆ ಅಂಗಡಿ ಹೋಯಿತು. ಇಂಥ ಗಲಾಟೆಯ ನಂತರ ಊರಲ್ಲಿ ಇನ್ನೊಬ್ಬರು ಮಳಿಗೆ ಕೊಡುವುದಿಲ್ಲ. ಅಂಗಡಿ ಹೋದರೆ ಆ ಮನೆ, ಆ ಹುಡುಗಿಯ ಓದು.

ಚಿಂತೆ ಮಾಡುವವನಿಗೆ ಒಂದು ಅಹಂಕಾರ ಇರುತ್ತದೆ: ಎಲ್ಲ ಕೆಡುಕನ್ನೂ ತಾನು ಮೊದಲೇ ಯೋಚಿಸಿಟ್ಟಿದ್ದೇನೆ ಎಂದು. ನನ್ನ ಬಾಯೇ ಒಂದು ಕೆಡುಕು ಎಂದು ನಾನು ಯೋಚಿಸಿರಲಿಲ್ಲ. ಹೇಗಾದರೂ ತಪ್ಪಿಸಿಕೊಳ್ಳುವ ಆತುರದಲ್ಲಿ ಅಂದುಬಿಟ್ಟೆ: "ಆ ಹುಡುಗೀನ್ನ ಕರಿಯೂದು ಬ್ಯಾಡ್ರಪ್ಪಾ. ಅದು ಅಕಿ ಅಪ್ಪಂದ ಅಂಗಡಿ."

ಮೂರನೆಯವ ಗೋಡೆಯಿಂದ ಮುಖ ತಿರುಗಿಸಿ ಮೊದಲ ಸಲ ನನ್ನನ್ನು ನೋಡಿದ.

"ಅಂಗಡ್ಯಾವನ ಮಗಳ ತಗದಾಳ?" ಎಂದ ಗಡ್ಡದವ, ಬಹಳ ಮೆಲ್ಲಗೆ. ಕಪ್ಪನ್ನು ಬಸಿಯಲ್ಲಿ ಸಪ್ಪಳವಾಗದಂತೆ ಇಟ್ಟ. "ಹಂಗಿದ್ರ ಇನ್ನೂ ಚೊಲೊ ಆತು ಬಿಡ್ರಿ."

ಹಾಳೆ ಶಾಲೆಯಲ್ಲಿವೆ ಎಂದು ಸುಳ್ಳು ಹೇಳಿ ಅವರನ್ನು ಕಳಿಸಿದೆ. ಅವು ಅವರು ಕೂತ ಗಾದಿಯ ಕೆಳಗೇ ಇದ್ದವು. ಹೋಗುವಾಗ ಹಳೆಯ ವಿದ್ಯಾರ್ಥಿ ಮತ್ತೊಮ್ಮೆ ಕಾಲಿಗೆ ಎರಗಿದ.

ಮರುದಿನ ಅಂಗಡಿಗೆ ಹೋದೆ. ಅಂಗಡಿಯವ ಚಾಕು ಮಸೆಯುತ್ತಿದ್ದ. ನನ್ನನ್ನು ನೋಡಿ ಎಂದಿನಂತೆ, "ಬರ್ರಿ ಮಾಸ್ತರ, ಒಂದು ಕಿಲೊ ಕಟ್ಲೇನು?" ಎಂದ. ಹತ್ತು ವರ್ಷದಿಂದ ಇದೊಂದೇ ಚೇಷ್ಟೆ. ನಾನು ಎಂದಿನಂತೆ ನಗಲಿಲ್ಲ. ಸೋಮವಾರದ ವಿಷಯ ಹೇಳಿದೆ. ಮಗಳ ಗುರುತು ನನ್ನ ಬಾಯಿಂದಲೇ ಹೊರಬಿದ್ದದ್ದನ್ನೂ ಹೇಳಿದೆ.

ಅವನು ಚಾಕು ಕೆಳಗಿಟ್ಟ. "ಮಾಲಕರು ಎರಡು ದಿನದಿಂದ ಚಹಾಕ್ಕ ಕೆಳಗ ಇಳದಿಲ್ಲ. ನಾ ಏನೋ ಆರಾಮಿಲ್ಲೇನೋ ಅನ್ಕೊಂಡಿದ್ದೆ." ಸ್ವಲ್ಪ ಹೊತ್ತು ಕೈ ಒರೆಸಿಕೊಂಡ. "ಮಗಳು ಚಿತ್ರ ತೋರಿಸ್ಯಾಳ್ರಿ ನನಗ. ಸಿಟ್ಟು ಬಂತು. ಆಮ್ಯಾಲೆ ನಗು ಬಂತು. ಖರೇನ ಕೇಳ್ಯಾಳ. ಹುಡುಗೂರು ನಗಲಿ ಅಂತ ನಾನ ಹೇಳಿದ್ದು, ಅದರ ತಪ್ಪು ನಂದು. ಆದ್ರ ಮಾಸ್ತರ, ಇಂಡ್ಯಾಗ, ಮುದ್ದೇಬಿಹಾಳದಾಗ ನನ್ನ ಮಗಳು ಯಾಕ್ ನಿಂತಾಳ?"

"ಖಾಕಾ ಇತ್ತು..."

"ಒಂದು ಬೋರ್ಡಿಗೆ ಕೊಟ್ಟಿದ್ದೆ ನಾ."

ಅವನು ದನಿ ಏರಿಸಲಿಲ್ಲ. ಗಿರಾಕಿ ಬಂದ, ಅವನು ಎದ್ದು ತೂಗತೊಡಗಿದ. ನಾನು ಮನೆಗೆ ಬಂದೆ. ಚಿಕ್ಕ ಮಗುವಿನ ಆ ಮುಖವನ್ನು ಊರೂರಿಗೆ ಹೊತ್ತು ಮಾರಿದವನು ನಾನು. ಈಗ ಅದೇ ಮಗುವಿನ ಬೆನ್ನನ್ನು ಇನ್ಯಾರೋ ಹೊತ್ತು ಹೊರಟಿದ್ದರು.

ರವಿವಾರ ಆ ಅಂಗಡಿಯ ಮುಂದೆ ಯಾವಾಗಲೂ ಕಾಲಿಡಲು ಜಾಗವಿರುವುದಿಲ್ಲ. ಆ ರವಿವಾರ ಜನ ಬಂದರು, ಆದರೆ ಮಕ್ಕಳನ್ನು ಬಿಟ್ಟು ಬಂದರು. ಮೋಟಾರು ಸೈಕಲ್ಲನ್ನು ದೂರ ನಿಲ್ಲಿಸಿ, ಕರಿ ಚೀಲದಲ್ಲಿ ಕಟ್ಟಿಸಿಕೊಂಡು, ಆ ಕಡೆ ಈ ಕಡೆ ನೋಡಿ ಹೋದರು. ಬಲೂನುಗಳು ಹಗ್ಗದ ಮೇಲೆ ಹಾಗೇ ಉಳಿದು ಮಧ್ಯಾಹ್ನದ ಹೊತ್ತಿಗೆ ಸುಕ್ಕುಗಟ್ಟಿದವು. ಹುಡುಗಿ ಅವನ್ನು ಒಂದೊಂದಾಗಿ ಬಿಚ್ಚಿ ಗಾಳಿ ತೆಗೆಯುತ್ತಿದ್ದಳು.

"ನನ್ನ ಚಿತ್ರ ಕೊಡ್ರಿ ಸರ್," ಎಂದಳು ನನ್ನನ್ನು ಕಂಡು.

ಜೊತೆಗೇ ತಂದಿದ್ದೆ. ಕೊಡುವಾಗ ಕೇಳಿದೆ: "ಹರದು ಹಾಕ್ತೀ ಏನವಾ?"

"ಯಾಕ್ರಿ? ತಪ್ಪು ಬರದೇನಿ ಏನು?"

ಸೋಮವಾರ ಅರ್ಧ ದಿನದ ರಜೆ ಹಾಕಿದೆ. ಕಾರಣ ತಲೆನೋವು ಎಂದು ಬರೆದೆ. ಅರ್ಜಿ ಬರೆದು ಮುಗಿಸುವಷ್ಟರಲ್ಲಿ ತಲೆನೋವು ನಿಜವಾಗಿಯೂ ಬಂತು. ಹುಡುಗಿ ಶಾಲೆಗೆ ಬಂದಿರಲಿಲ್ಲ.

ಅಂಗಡಿಯ ಮುಂದೆ ಇಪ್ಪತ್ತು ಇಪ್ಪತ್ತೈದು ಜನ. ಕೂಗಾಟವಿಲ್ಲ, ಘೋಷಣೆಯಿಲ್ಲ. ಅದೇ ಹೆಚ್ಚು ಅಂಜಿಕೆ ತಂದಿತು. ರಸ್ತೆಯಾಚೆ ಚಹಾದವನು ಬೆಂಚುಗಳನ್ನು ಒಳಗೆ ಎಳೆದುಕೊಂಡಿದ್ದ. ಪಕ್ಕದ ಮೊಬೈಲ್ ಅಂಗಡಿಯ ಶಟರು ಅರ್ಧ ಇಳಿದಿತ್ತು. ಇಬ್ಬರು ಫ್ಲೆಕ್ಸಿನ ಎರಡು ತುದಿ ಹಿಡಿದು ನಿಂತಿದ್ದರು. ಬೆನ್ನು ತಿರುಗಿಸಿದ ಮಗು ಆಳೆತ್ತರ ಬೆಳೆದಿತ್ತು. ಮೇಲೆ ಕೆಂಪು ಅಕ್ಷರ: 'ಅಪ್ಪಾ, ಈ ಪಾಪದ ಅಂಗಡಿ ಮುಚ್ಚು.'

ಅಂಗಡಿಯವ ನನ್ನ ಬೋರ್ಡನ್ನು ಬೆಳಿಗ್ಗೆಯೇ ಇಳಿಸಿ ಗೋಡೆಗೆ ಮುಖ ಮಾಡಿ ಇಟ್ಟಿದ್ದ. ಶಟರು ಪೂರ್ತಿ ತೆರೆದಿತ್ತು. ಅವನು ತಕ್ಕಡಿಯ ಹಿಂದೆ ಕೈ ಕಟ್ಟಿ ನಿಂತಿದ್ದ. ಕೈಗೆ ಏನೂ ಸಿಗದಿರಲೆಂದು ಕಟ್ಟಿದ್ದನೇನೋ. ಪಕ್ಕದಲ್ಲಿ ಮಗಳು, ಶಾಲೆಯ ಸಮವಸ್ತ್ರದಲ್ಲಿ.

"ಬಾರವಾ ತಂಗಿ," ಎಂದ ಗಡ್ಡದವ, ಅದೇ ಮೆಲುದನಿಯಲ್ಲಿ. "ನಿನ್ನ ಚಿತ್ರ ಐತಿ, ನೀ ಹಿಡಿ. ಯಾರೂ ಏನೂ ಅನ್ನೂದಿಲ್ಲ ನಿನಗ."

ಆಕೆ ಬಂದಳು. ಅಪ್ಪ ತಡೆಯಲು ಕೈ ಎತ್ತಿದವನು ಹಾಗೇ ಇಳಿಸಿದ. ಆಕೆಯ ಕೈಯಲ್ಲಿ ತನ್ನ ಹಾಳೆ ಇತ್ತು. ಅದನ್ನು ಫ್ಲೆಕ್ಸಿನ ಪಕ್ಕಕ್ಕೆ ಹಿಡಿದಳು. ಆಳೆತ್ತರದ ಮಗುವಿನ ಪಕ್ಕ ಅಂಗೈಯಗಲದ ಮಗು.

"ನಂದು ಇದ್ರಿ. ಅದು ನಂದಲ್ಲ. ಕೋಳಿ ಯಾಕ ನಗತೈತಿ ಅಂತ ಕೇಳೇನಿ ನಾ. ಅಂಗಡಿ ಮುಚ್ಚಂತ ಎಲ್ಲಿ ಬರದೇನಿ, ತೋರಸ್ರಿ."

"ನಿಮ್ಮಪ್ಪ ಹೇಳಿಕೊಟ್ಟಾನೇನು ಹಿಂಗ ಅನ್ನಂತ?"

"ನಮ್ಮಪ್ಪಗ ಚಿತ್ರ ತಿಳಿಯೂದಿಲ್ರಿ. ಮೂರನೇದು ನೋಡಿ ಕೋಳಿಗೆ ಕುತ್ತಿಗಿ ನೋವೇನವಾ ಅಂದ."

ಗುಂಪಿನ ಹಿಂದಿನಿಂದ ಯಾರೋ ಫಕ್ಕನೆ ನಕ್ಕು, ತಟ್ಟನೆ ನುಂಗಿಕೊಂಡರು. ಮೂರನೆಯವ, ಆ ಮಾತಾಡದವ, ಹುಡುಗಿಯ ಕಡೆ ಎರಡು ಹೆಜ್ಜೆ ಇಟ್ಟ. ಅಂಗಡಿಯವ ತಕ್ಕಡಿಯ ಹಿಂದಿನಿಂದ ಹೊರಗೆ ಬಂದ. ಇಬ್ಬರ ನಡುವೆ ಒಂದು ಮಾರು ಜಾಗ.

ಗಡ್ಡದವ ನನ್ನನ್ನು ಕಂಡ. "ಸರ್ ಬಂದ್ರು ನೋಡ್ರಿ. ಸರ್, ನೀವ ಹೇಳ್ರಿ. ಈ ಚಿತ್ರ ಯಾರದು? ಯಾರ ಮ್ಯಾಲ ತಗದದ್ದು?"

ಎಲ್ಲ ಮುಖಗಳೂ ನನ್ನ ಕಡೆ ತಿರುಗಿದವು. ಹೊಟ್ಟೆ ಕೆಟ್ಟಿದೆ ಎಂದು ಹೇಳಿ ಓಡಿಹೋಗಬಹುದೇ ಎಂದು ನಿಜಕ್ಕೂ ಯೋಚಿಸಿದೆ. ಹಾಗೆ ಯೋಚಿಸುತ್ತಿರುವಾಗಲೇ ನನ್ನ ಕಾಲು ಗೋಡೆಯ ಕಡೆ ನಡೆದು, ಕೈ ಆ ತಗಡಿನ ಬೋರ್ಡನ್ನು ಎತ್ತಿ ತಿರುಗಿಸಿತ್ತು. ಕೋಳಿ ಎಲ್ಲರಿಗೂ ಕಣ್ಣು ಮಿಟುಕಿಸಿತು.

"ಇದನ್ನ ಬರದಾವ ನಾ," ಎಂದೆ. ನನ್ನ ದನಿ ಹೆಂಗಸರ ದನಿಯಂತೆ ಬಂತು. "ಇವ ಕೋಳಿ ಮಾರ್‍ಯಾನ. ಕೋಳಿಗೆ ಟೋಪಿ ಹಾಕಿ ನಗಸಿದಾವ ನಾ. ನಾಕೂರಾಗ ನಗಸೇನಿ. ಆ ಹುಡುಗಿ ಕೇಳಿದ್ದು ನನಗ. ಉತ್ತರ ನಾ ಕೊಡಬೇಕು. ಇವನ ಅಂಗಡಿಗೆ ಅದರಾಗ ಕೆಲಸಿಲ್ಲ."

"ಸರ್," ಎಂದ ನನ್ನ ಹಳೆಯ ವಿದ್ಯಾರ್ಥಿ, ಮುಖ ಸಣ್ಣದು ಮಾಡಿಕೊಂಡು, "ನೀವು ತಿನ್ನೂದಿಲ್ಲಲ್ರಿ?"

"ತಿನ್ನೂದಿಲ್ಲಪ್ಪಾ. ತಿನ್ನಸೇನಿ."

ಆ ಹೊತ್ತಿಗೆ ನಾಲ್ಕೈದು ಮೊಬೈಲುಗಳು ನನ್ನ ಕಡೆ ಎದ್ದಿದ್ದವು. ಮಾತಾಡದವ ಅವುಗಳ ನಡುವಿನಿಂದ ನನ್ನನ್ನೇ ನೋಡುತ್ತಿದ್ದ, ಮೊನ್ನೆ ಮನೆಯಲ್ಲಿ ಗೋಡೆಯ ಚಿತ್ರಗಳನ್ನು ನೋಡಿದಂತೆಯೇ, ಅವಸರವಿಲ್ಲದೆ. ಆಮೇಲೆ ಅವರು ಮಹಡಿಗೆ ಹೋಗಿ ಮಾಲಕರಿಗೆ ಮನವಿ ಕೊಟ್ಟರು. ಮಾಲಕರು ಅದನ್ನು ಎರಡೂ ಕೈಯಿಂದ ತೆಗೆದುಕೊಂಡು, ಮಡಚಿ ಕಿಸೆಗಿಟ್ಟು, "ವಿಚಾರ ಮಾಡ್ತೇನಿ" ಎಂದರಂತೆ. ಫ್ಲೆಕ್ಸನ್ನು ಲೈಟು ಕಂಬಕ್ಕೆ ಕಟ್ಟಿ ಹೋದರು. ಅದನ್ನು ಬಿಚ್ಚುವ ಧೈರ್ಯ ಅಂಗಡಿಯವನಿಗೂ ಬರಲಿಲ್ಲ, ನನಗೂ ಬರಲಿಲ್ಲ.

ನನ್ನ ವಿಡಿಯೊ ಊರೆಲ್ಲ ಓಡಾಡಿತು. ಹೆಡ್ ಮಾಸ್ತರರು ಕರೆಸಿ ವಿವರಣೆ ಬರೆಸಿಕೊಂಡರು. ಬೈಯುತ್ತಾರೆಂದು ಸಿದ್ಧನಾಗಿ ಹೋಗಿದ್ದೆ. ಅವರು ನಕ್ಕು ಬೆನ್ನು ತಟ್ಟಿದರು. ಬೈದಿದ್ದರೆ ತಪ್ಪಿಗೆ ತಕ್ಕದ್ದಾಯಿತೆಂದು ಅವತ್ತು ನಿದ್ದೆ ಬರುತ್ತಿತ್ತು. ಖಾಕಾವನ್ನು ಬಚ್ಚಲ ಒಲೆಗೆ ಹಾಕಿದೆ. ಮೂರು ರವಿವಾರ ಊರೂರು ತಿರುಗಿದೆ. ಇಂಡಿಯಲ್ಲಿ ಮಗುವಿನ ಮುಖ ಅಳಿಸಿ ಸೂರ್ಯಕಾಂತಿ ಹೂವು ಬರೆದೆ. ಮುದ್ದೇಬಿಹಾಳದವ ಬೋರ್ಡನ್ನೇ ಮೊದಲೇ ಬದಲಿಸಿದ್ದ. ಬಾಗೇವಾಡಿಯವ ಮಾತ್ರ ನಿಚ್ಚಣಿಕೆಯನ್ನೇ ಏರಗೊಡಲಿಲ್ಲ. "ಆ ಹುಡುಗೀನ ತಗದ್ರ ನನ್ನ ಅಂಗಡಿ ಗುರುತು ಯಾರು ಹಿಡೀತಾರ್ರಿ?" ಎಂದ. ಆಕೆ ಅಲ್ಲಿ ಇನ್ನೂ ಕೈ ಚಾಚಿಕೊಂಡು ನಿಂತಿದ್ದಾಳೆ. ಬಂದು ಹುಡುಗಿಗೆ ಹೇಳಿದೆ. ಆಕೆ "ಹೋಗ್ಲಿ ಬಿಡ್ರಿ ಸರ್" ಎಂದು ಸಹ ಅನ್ನಲಿಲ್ಲ.

ಸಿಂದಗಿಯ ಅಂಗಡಿಯ ಕರಾರನ್ನು ಮಾಲಕರು ಮುರಿಯಲಿಲ್ಲ. ಮುಂದುವರಿಸಲೂ ಇಲ್ಲ. ತಿಂಗಳು ತಿಂಗಳಿಗೆ ನೋಡೋಣ ಎಂದಿದ್ದಾರೆ. ಮೊದಲು ಅವರು ಕೆಳಗಿಳಿದು ಬಂದರೆ ಅಂಗಡಿಯವ ಸ್ಟೂಲು ಒರೆಸಿ ಕೊಡುತ್ತಿದ್ದ. ಈಗ ಮೆಟ್ಟಿಲ ಮೇಲೆ ಅವರ ಕೆರದ ಸಪ್ಪಳವಾದರೆ ಚಾಕು ಹಿಡಿದ ಕೈ ನಿಲ್ಲುತ್ತದೆ.

ಹೋದ ವಾರ ಅಂಗಡಿಯವ ಬಂದು, ಬೋರ್ಡು ಬರೆದು ಕೊಡಿ ಎಂದ. ಕೋಳಿ ಬೇಡ, ಮಗು ಬೇಡ. "ಬರೇ ಅಕ್ಷರ. ಕೋಳಿ ಮಾಂಸ ಸಿಗತೈತಿ ಅಂತ. ಇದ್ದದ್ದು ಇದ್ದಂಗ." ಇಲಾಖೆಯ ಅಂಜಿಕೆ ಈಗ ಉಳಿದಿರಲಿಲ್ಲವಾದ್ದರಿಂದ ಹಗಲಲ್ಲೇ ನಿಚ್ಚಣಿಕೆ ಏರಿದೆ. ಹುಡುಗಿ ಕೆಳಗೆ ನಿಚ್ಚಣಿಕೆ ಹಿಡಿದು, "ದೀರ್ಘ ಸೊಟ್ಟ ಆತ್ರಿ ಸರ್, 'ಕೋ' ನೋಡ್ರಿ" ಎಂದು ಮಾಸ್ತರಿಕೆ ಮಾಡುತ್ತಿದ್ದಳು. ಕೊನೆಯ ಅಕ್ಷರ ತುಂಬುತ್ತಿರುವಾಗ ಮೆಟ್ಟಿಲಿಳಿದು ಮಾಲಕರು ಬಂದರು. ಬಹಳ ಹೊತ್ತು ತಲೆ ಎತ್ತಿ ಓದಿದರು. ಅಲ್ಲಿದ್ದದ್ದು ಮೂರೇ ಶಬ್ದ.

"ಎಂಥಾ ಬಣ್ಣ ಹಚ್ಚಾಕತ್ತೀರಿ ಮಾಸ್ತರ?"

"ಆಯಿಲ್ ಪೇಂಟ್ರಿ. ಐದು ವರ್ಷ ಎಲ್ಲೂ ಹೋಗೂದಿಲ್ಲ."

"ಅಷ್ಟ ಭಾರಿ ಯಾಕ್ ಬೇಕಿತ್ರಿ?" ಎಂದರು ಅವರು, ಮಗುವಿಗೆ ಹೇಳುವಷ್ಟು ಪ್ರೀತಿಯಿಂದ. "ಹಗರಂದು ಹಚ್ಚಬೇಕಿತ್ತು. ಮಳಿಗಾಲ ತಡದ್ರ ಸಾಕಲ್ಲ."

ಅಂಗಡಿಯವ ತಲೆ ತಗ್ಗಿಸಿ ತಕ್ಕಡಿ ಒರೆಸುತ್ತಲೇ ಇದ್ದ. ಮಾಲಕರು ಸ್ಕೂಟರು ಹತ್ತಿ ಹೋದರು.

"ಸರ್," ಎಂದಳು ಹುಡುಗಿ ಕೆಳಗಿನಿಂದ, "ಎರಡನೇ ಕೈ ಬಣ್ಣ ಯಾವಾಗ ಹಚ್ತೀರಿ?"

"ಮೊದಲಿಂದು ಒಣಗಲಿ ತಡೀವಾ," ಎಂದು ಹೇಳಿ, ಒಣಗುವವರೆಗೆ ಅಲ್ಲೇ ಮೇಲೆಯೇ ಕೂತೆ.